ಹದ್ದಿನ ಕಣ್ಣಿನ ಮಗು

ಪುಣೆಯ ಸದಾಶಿವ ಪೇಠೆಯ ಒಂದು ಮಾಸಪತ್ರಿಕೆಯಲ್ಲಿ ಕರಡು ತಿದ್ದುವ ಭಾಲಚಂದ್ರ ಗುಪ್ತೆಗೆ ಕನ್ನಡಕ ತೆಗೆದರೆ ಎದುರು ನಿಂತವರ ಮುಖ ಕಾಣದು. ಮೂಗಿಗೆ ತಾಗಿಸಿಕೊಂಡ ಹಾಳೆಯಲ್ಲಿ ಬಿಟ್ಟುಹೋದ ಅನುಸ್ವಾರ ಮಾತ್ರ ಎದ್ದು ಕಾಣುತ್ತದೆ. ಅಜ್ಜ, ಅಪ್ಪ ಇಬ್ಬರದೂ ಇದೇ ಕಣ್ಣು, ಇದೇ ಕಸುಬು. 'ನಮ್ಮ ಪಿತ್ರಾರ್ಜಿತ ಆಸ್ತಿ ಮೈನಸ್ ಹನ್ನೊಂದು' ಎಂದು ತಾನೇ ನಗುತ್ತಿದ್ದ.

ಆ ವರ್ಷದ ದೀಪಾವಳಿ ಸಂಚಿಕೆಗೆ ಪರಾಡ್ಕರ್ ಮಾಸ್ತರರ ವಿಜ್ಞಾನ ಕಾದಂಬರಿ ಬಂತು. ಅದರಲ್ಲಿ ಗಂಡಹೆಂಡತಿ ಹುಟ್ಟಲಿರುವ ಮಗುವಿನ ವಂಶವಾಹಿ ತಿದ್ದಿಸಿ ಹದ್ದಿನ ಕಣ್ಣು ಕೊಡಿಸುತ್ತಾರೆ. ಅದು ಸರಿಯೋ ತಪ್ಪೋ ಎಂದು ಡಾಕ್ಟರು, ವಕೀಲರು, ಅಜ್ಜಿ ಎಲ್ಲ ಸೇರಿ ನಲವತ್ತು ಪುಟ ವಾದಿಸುತ್ತಾರೆ. ಕೊನೆಯ ಪುಟದ ಅಂಚಿನಲ್ಲಿ ಭಾಲಚಂದ್ರ ತನ್ನಷ್ಟಕ್ಕೆ ಗೀಚಿದ: 'ಮಗುವನ್ನು ಯಾರಾದರೂ ಕೇಳಿದರೇ?' ಅಳಿಸಲು ಮರೆತ. ಅಂಚಿನಲ್ಲಿದ್ದುದನ್ನು ಒಳಗೆ ಸೇರಿಸುವುದೇ ಅಕ್ಷರ ಜೋಡಿಸುವ ಸುಲಭಾಳ ಕೆಲಸ, ಸೇರಿಸಿದಳು. ಎರಡು ಸಾವಿರ ಪ್ರತಿ ಅಚ್ಚಾದವು.

"ತಿದ್ದೋಕೆ ಇಟ್ಕೊಂಡ್ರೆ ಕಾದಂಬರಿ ಬರೀತಾನೆ ಮಹಾರಾಜ!" ಎಂದ ಮಾಲೀಕ ಅಷ್ಟೇಕರ್. "ಮಾಸ್ತರ್ರು ಬರ್ತಿದಾರೆ. ಅವರು ಸಿಟ್ಟಾದ್ರೆ ನೀನು ಇವತ್ತೇ ಮನೆಗೆ."

ಮಾಸ್ತರರು ಸಂಚಿಕೆ ಹಿಡಿದೇ ಬಂದರು. "ಈ ಕೊನೇ ಸಾಲು ಯಾರದು?"

"ನಂದು ಸರ್. ತಪ್ಪಾಯ್ತು."

"ತಪ್ಪು ಆಮೇಲೆ. ನಿನ್ನನ್ನ ಕೇಳಿದ್ರೆ ಹದ್ದಿನ ಕಣ್ಣು ಬೇಡ ಅಂತಿದ್ಯಾ?"

"ಅಯ್ಯೋ, ಬೇಕು ಅಂತಿದ್ದೆ ಸರ್! ಕನ್ನಡಕ ಇದ್ರೂ ಬಸ್ಸಿನ ನಂಬರ್ ಕಾಣದೆ ವಾರಕ್ಕೊಂದ್ಸಲ ಊರಾಚೆ ಹಡಪಸರ್‌ಗೆ ಹೋಗಿ ಇಳೀತೀನಿ."

ಸುಲಭಾ ಕಿಸಕ್ಕೆಂದಳು.

"ಮತ್ಯಾಕಪ್ಪ ಈ ಪ್ರಶ್ನೆ?"

"ಆ ಕಣ್ಣಿದ್ದೋನು ಇಲ್ಲಿ ಕೂತಿರ್ತಿರ್ಲಿಲ್ಲ ಸರ್, ಎಲ್ಲೋ ವಿಮಾನ ಓಡಿಸ್ತಿದ್ದ. ಬೇಕು ಅನ್ನೋನು ನಾನು, ಸಿಗೋದು ಅವನಿಗೆ. ಅವನು ನಾನೇನಾ? ಅದೇ ಗೊತ್ತಾಗ್ತಿಲ್ಲ."

ಮಾಸ್ತರರು ನಿಂತಲ್ಲೇ ಪುಟ ತಿರುವಿದರು. "ಎಲ್ಲರ ಬಾಯಿಗೂ ಮಾತು ಕೊಟ್ಟಿದೀನಿ. ಮಗೂಗೆ ಒಂದೂ ಇಲ್ಲ."

"ಆ ಸಾಲು ಬಿಟ್ಟು ಓದಿ ಅಂತ ಶುದ್ಧಿಪತ್ರ ಅಂಟಿಸ್ತೀವಿ ಸರ್," ಎಂದ ಅಷ್ಟೇಕರ್.

"ಅಂಟಿಸಿ. ಕೊನೆಯ ಸಾಲು ಭಾಲಚಂದ್ರ ಗುಪ್ತೆ ಅವರದು, ಉತ್ತರ ಲೇಖಕನಿಗೂ ಗೊತ್ತಿಲ್ಲ ಅಂತ ಹಾಕಿ."

"ತಪ್ಪು ಮಾಡಿದೋನಿಗೆ ಹೆಸರು ಬೇರೆ ಕೇಡು!" ಮಾಸ್ತರರು ಮೆಟ್ಟಿಲಿಳಿದ ಮೇಲೆ ಅಷ್ಟೇಕರ್ ಗೋಂದಿನ ಡಬ್ಬಿಯನ್ನು ಭಾಲಚಂದ್ರನ ಮುಂದೆ ಕುಕ್ಕಿದ. ಕೆಲಸ ಉಳಿಯಿತು, ಎರಡು ಸಾವಿರ ಚೀಟಿ ಅಂಟಿಸುವುದೂ ತಲೆಗೆ ಬಂತು. ಮೂರನೆಯ ದಿನ ಬೆರಳುಗಳು ಒಂದಕ್ಕೊಂದು ಅಂಟುತ್ತಿದ್ದರೂ ಅವನಿಗೆ ಅದರ ಪರಿವೆಯಿರಲಿಲ್ಲ. ವಿಮಾನ ಓಡಿಸುವ ಆ ಇನ್ನೊಬ್ಬ ಗುಪ್ತೆ ದೀಪಾವಳಿ ಸಂಚಿಕೆ ಕೊಂಡು ಓದುತ್ತಿದ್ದನೇ ಎಂದು ಯೋಚಿಸುತ್ತಿದ್ದ.