ಹೆಂಡತಿಯ ಹಿಂದೆ ನಡೆದ ದಳಪತಿ

ತುರ್ಕರ ಆಳ್ವಿಕೆಯ ಕಾಲ. ಅಲ್ಬೇನಿಯಾದ ಉತ್ತರದ ಬೆಟ್ಟಗಳಲ್ಲಿ ಪಲೋಕ್ ಎಂದರೆ ಅವರ ಸಿಪಾಯಿಗಳಿಗೆ ಚಳಿ ಹುಟ್ಟುತ್ತಿತ್ತು. ಕುರಿ ಕಾಯುತ್ತ ಬೆಳೆದವನು, ನಾಡು ನಮ್ಮದಾಗಬೇಕೆಂದು ಬಂದೂಕು ಹಿಡಿದು ನಲವತ್ತು ಮಂದಿಯ ದಳಪತಿಯಾದ. ಅಂಥವನು ಹೊಸ್ತಿಲು ದಾಟಬೇಕಾದರೆ ಹೆಂಡತಿ ದ್ರಾಂಡೆ ಮುಂದೆ ನಡೆಯಬೇಕಾಗಿತ್ತು.

ಅವನ ಅಪ್ಪ ಹಿಂದೊಮ್ಮೆ ಕಾಲುವೆ ನೀರಿನ ಜಗಳದಲ್ಲಿ ಪಕ್ಕದ ಕಣಿವೆಯ ತೋಮನ ಅಣ್ಣನನ್ನು ಕೊಂದಿದ್ದ. ಅಪ್ಪ ಸತ್ತ ಮೇಲೆ ಆ ಹಗೆ ಮಗನ ತಲೆಗೆ ಬಂತು. ಆದರೆ ಹೆಂಗಸು ಜೊತೆಗಿದ್ದ ಗಂಡಸಿನ ಮೇಲೆ ಆ ಬೆಟ್ಟದಲ್ಲಿ ಯಾರೂ ಗುಂಡು ಹಾರಿಸರು. ಹಾರಿಸಿದರೆ ಮನೆತನದ ಮುಖಕ್ಕೇ ಮಸಿ.

"ಸುಲ್ತಾನನಿಗೆ ಹೆದರದವ ನಾನು, ನಿನ್ನ ಲಂಗದ ಹಿಂದಿನ ಕೋಳಿಮರಿ ಆಗ್ಬಿಟ್ನಲ್ಲೇ," ಎಂದು ಪಲೋಕ್ ತನ್ನನ್ನೇ ಹಳಿದುಕೊಂಡು ನಗುತ್ತಿದ್ದ.

ಆ ವಸಂತದಲ್ಲಿ ಎಲ್ಲ ಕಣಿವೆಗಳ ದಳಗಳೂ ಚರ್ಚಿನ ಬಯಲಿನಲ್ಲಿ ಸೇರಿ, ಒಟ್ಟಾಗಿ ತುರ್ಕರ ಮೇಲೆ ಏಳುವುದೆಂದು ನಿರ್ಧಾರವಾಯಿತು. ಅವನು ಹೋಗದಿದ್ದರೆ ಅವನ ನಲವತ್ತು ಮಂದಿಯೂ ಮನೆಗೆ ಮರಳುತ್ತಿದ್ದರು. ಗಂಡ ಹೆಂಡತಿ ಹೊರಟರು. ಬಯಲಿಗೆ ಇನ್ನೊಂದೇ ತಿರುವು ಇರುವಾಗ ಅವನು ನಿಂತ.

"ನೀನು ಇಲ್ಲೇ ಇರೇ. ಹುಡುಗ್ರು ನೋಡಿದ್ರೆ ಏನಂದಾರು?"

"ಬದುಕಿದ್ದಾನೆ ಅಂತಾರೆ," ಎಂದಳು ದ್ರಾಂಡೆ. "ಹೋಗ್ರಿ ಹೋಗ್ರಿ, ಮೀಸೆ ಬಾಡೋಗುತ್ತೆ."

ಮೀಸೆ ತಿರುವಿ ಮುಂದೆ ನಡೆದ. ಅಷ್ಟರಲ್ಲೇ ಬಂಡೆಯ ಹಿಂದಿನಿಂದ ತೋಮ ಎದ್ದ. ಬಂದೂಕಿನ ಗುರಿ ನೆಟ್ಟಗೆ ಎದೆಗೆ. ದಳಪತಿ ತನ್ನ ಹೆಗಲ ಮೇಲೂ ಬಂದೂಕಿದೆಯೆಂಬುದನ್ನೇ ಮರೆತ. ಟೋಪಿ ಬಿದ್ದದ್ದೂ ತಿಳಿಯದೆ ಓಡಿ ಬಂದು ಹೆಂಡತಿಯ ಲಂಗ ಹಿಡಿದುಕೊಂಡ.

ತೋಮ ಬಂದೂಕು ಇಳಿಸಿದ. ನಗು ತಡೆಯಲಾಗಲಿಲ್ಲ. "ಏನೋ ದಳಪತಿ, ತುರ್ಕರ ಮುಂದೂ ಹಿಂಗೇ ಓಡ್ತೀಯಾ?"

"ಇಲ್ಲ ಮಾರಾಯ, ಅಲ್ಲಿ ಹಿಡ್ಕೊಳ್ಳೋಕೆ ಇವಳಿರಲ್ಲ," ಎಂದ ಪಲೋಕ್, ಏದುಸಿರು ಬಿಡುತ್ತ.

ತೋಮನೂ ಆ ಬಯಲಿಗೇ ಹೊರಟವನು. ಯುದ್ಧ ಮುಗಿಯುವ ತನಕ ಕೊಲ್ಲುವುದಿಲ್ಲವೆಂಬ ಮಾತನ್ನು ಅವನಿಂದ ಬೇಡಿಕೋ ಎಂದು ಹಿರಿಯರು ಪಲೋಕನಿಗೆ ಹೇಳಿ ಹೇಳಿ ಸೋತಿದ್ದರು. ಬೇಡಿದರೆ ಮೀಸೆ ಬಾಗುತ್ತದೆಂದು ಅವನು ಬೇಡಿರಲಿಲ್ಲ. ಈಗ ಬಾಗಲು ಮೀಸೆಯಲ್ಲಿ ಉಳಿದದ್ದಾದರೂ ಏನು?

"ತುರ್ಕರು ಹೋಗೋವರೆಗೂ ನನ್ನ ಜೀವ ಉಳಿಸು ತೋಮ. ಆಮೇಲೆ ನಿನ್ನಿಷ್ಟ."

ತೋಮ ಬಗ್ಗಿದ. ಬಿದ್ದಿದ್ದ ಬಿಳಿ ಟೋಪಿಯನ್ನು ಎತ್ತಿ, ಧೂಳು ಕೊಡವಿ ಕೊಟ್ಟ. "ಮಾತು ಕೊಟ್ಟೆ. ಆದ್ರೆ ಈ ಓಟದ ಕತೆ ಹೇಳೋನು ನಾನೇ."

"ನಿಂಗೆ ಸರಿಯಾಗಿ ಬರಲ್ಲ ಬಿಡು. ನಾನೇ ಹೇಳ್ತೀನಿ."

ಬಯಲಿಗೆ ಮೂವರೂ ಬಂದರು. ಮುಂದೆ ದ್ರಾಂಡೆ, ಹಿಂದೆ ಇಬ್ಬರು ಗಂಡಸರು. ನಲವತ್ತು ಮಂದಿ ಬಾಯಿ ತೆರೆದು ನಿಂತಿದ್ದಾಗ ಪಲೋಕನೇ ಕೂಗಿದ: "ಏನ್ರೋ ನೋಡ್ತೀರಾ? ದಳಪತಿ ಬಂದ್ಲು, ಸಾಲು ಕಟ್ರೋ!"