ಮುಕ್ಕಾಲು ಸೊಸೆ, ಸೊನ್ನೆ ಅತ್ತೆ

ಅಂಗಿ ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಗುಂಡಿ ಹೊಲಿಯುವ ಆಕೆಯನ್ನು ಎಲ್ಲರೂ ಕರೆಯುವುದು ಗುಂಡಿಯಕ್ಕ ಎಂದೇ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳಿಗೆ ಇದ್ದದ್ದು ಒಂದೇ ಕೊರಗು, ಅತ್ತೆಗೆ ಹಲ್ಲಿನ ಸೆಟ್ಟು ಹಾಕಿಸಬೇಕು. ಮುದುಕಿ ಎರಡು ವರ್ಷದಿಂದ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ನುಂಗುತ್ತಿದ್ದಳು. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಸಂಬಳವೋ, ಬಾಡಿಗೆ, ಗ್ಯಾಸು, ಮಕ್ಕಳ ಫೀಸು ಎಂದು ಮನೆ ಮುಟ್ಟುವ ಮೊದಲೇ ಮಾಯ. ಇನ್ನು ಹಲ್ಲಿಗೆಲ್ಲಿಂದ ತರುವುದು?

ಅಂಥ ಹೊತ್ತಿಗೆ ಕನಿಷ್ಠ ಕೂಲಿ ಎಷ್ಟಿರಬೇಕೆಂದು ತೀರ್ಮಾನಿಸಲು ಒಂದು ಸಮಿತಿ ಬಂತು. ಒಂದು ಸಂಸಾರ ಬದುಕಲು ಏನೇನು ಬೇಕು ಎಂಬ ಪಟ್ಟಿಯನ್ನು ಕೆಲಸಗಾರರಿಗೆಲ್ಲ ಹಂಚಿತು. ಗುಂಡಿಯಕ್ಕ ಅದನ್ನು ಮನೆಗೆ ತಂದು ಗಟ್ಟಿಯಾಗಿ ಓದಿದಳು. ಖರ್ಚಿನ ಲೆಕ್ಕದಲ್ಲಿ ಗಂಡ ಅಂದರೆ ಒಂದು ಪಾಲು. ಹೆಂಡತಿ ಮುಕ್ಕಾಲು. ಮಗು ಅರ್ಧ.

"ನೋಡ್ದೆಯಾ, ನಾನು ಪೂರ್ತಿ!" ಗಂಡ ಮೀಸೆ ತಿರುವಿದ.

"ಸಾಕು ಸುಮ್ನಿರೋ, ಪೂರ್ತಿಯಂತೆ!" ಅತ್ತೆ ಮಗನನ್ನು ಗದರಿದಳು. "ನಂದೆಷ್ಟೇ?"

ಗುಂಡಿಯಕ್ಕ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನೀವಿಲ್ಲ ಅತ್ತೆ."

"ಇಲ್ಲ ಅಂದ್ರೆ? ಸೊನ್ನೆನಾ?"

"ಸೊನ್ನೆನೇ."

ಮುದುಕಿಗೆ ಎಲ್ಲಿಲ್ಲದ ಕೋಪ ಬಂತು. "ಸೊನ್ನೆಗೆ ಯಾಕೆ ಊಟ?" ಎಂದು ತಟ್ಟೆ ಸರಿಸಿ ಗೋಡೆಗೆ ಮುಖ ಮಾಡಿ ಕೂತಳು. ಅವಳನ್ನು ಒಲಿಸಲು ಸೊಸೆ ಒಂದು ಮಾತು ಕೊಡಬೇಕಾಯಿತು, ಸಮಿತಿಯ ಮುಂದೆ ಇಬ್ಬರೂ ಹೋಗೋಣ ಎಂದು.

ವಿಚಾರಣೆಯ ದಿನ ಮಾಲೀಕರ ವಕೀಲರು, ಪಟ್ಟಿಯೇ ಧಾರಾಳವಾಯಿತು, ಇನ್ನೂ ಕೂಲಿ ಏರಿಸಿದರೆ ಕಾರ್ಖಾನೆಗೆ ಬೀಗ ಬೀಳುತ್ತದೆ ಎಂದರು. ಕಾರ್ಮಿಕ ಸಂಘದವರು ಅಕ್ಕಿ, ಎಣ್ಣೆಯ ಬೆಲೆ, ಬಸ್ಸಿನ ಚಾರ್ಜು ಓದಿದರು. ಸಮಿತಿಯ ಅಧ್ಯಕ್ಷರು ಆಕಳಿಸಿದರು. ಆಗ ಗುಂಡಿಯಕ್ಕ ಎದ್ದಳು.

"ಸಾರ್, ಅಂಗಿಗೆ ಎಂಟು ಗುಂಡಿ. ಆರೇ ಹಾಕಿ ಕಳ್ಸಿದ್ರೆ ಮೇಸ್ತ್ರಿ ತಿರುಗಿ ನನ್ನ ಮುಖಕ್ಕೇ ಎಸೀತಾರೆ. ಮುಕ್ಕಾಲು ಅಂಗಿ ಅಂತ ಯಾರೂ ತಗೊಳಲ್ಲ. ನಾನು ಮಾತ್ರ ಹೇಗೆ ಸಾರ್ ಮುಕ್ಕಾಲು ಹೆಂಗಸಾದೆ? ನೀವು ಬಿಟ್ಟಿರೋ ಆ ಕಾಲು ಯಾವ್ದು? ಎಡಗಾಲೋ ಬಲಗಾಲೋ?"

ಸಭೆ ಗೊಳ್ಳೆಂದಿತು. ವಕೀಲರೂ ತಡೆಯಲಾರದೆ ನಕ್ಕುಬಿಟ್ಟರು. ಅಧ್ಯಕ್ಷರ ನಿದ್ದೆ ಹಾರಿಹೋಯಿತು.

"ಪಕ್ಕದಲ್ಲಿರೋರು ಯಾರಮ್ಮ?"

"ಇವರೇ ಸಾರ್, ನಿಮ್ಮ ಸೊನ್ನೆ. ನಮ್ಮತ್ತೆ. ಇಷ್ಟು ವರ್ಷ ನಾನು ಗುಂಡಿ ಹೊಲಿದೆ, ನನ್ನ ಎರಡು ಮಕ್ಕಳನ್ನ ಸಾಕಿದ್ದು ಈ ಸೊನ್ನೆನೇ."

ಈ ಸಲ ಯಾರೂ ನಗಲಿಲ್ಲ, ಅತ್ತೆಯೊಬ್ಬಳನ್ನು ಬಿಟ್ಟು. ಕೈ ಅಡ್ಡ ಹಿಡಿಯುವುದನ್ನೂ ಮರೆತು ಬೊಚ್ಚುಬಾಯಿ ಅರಳಿಸಿ ಕೂತಿದ್ದಳು. ಅಧ್ಯಕ್ಷರು ಪೆನ್ನು ತೆಗೆದು ಏನೋ ಬರೆದುಕೊಂಡರು.

ನಾಲ್ಕು ತಿಂಗಳಿಗೆ ಹೊಸ ಪಟ್ಟಿ ಕಾರ್ಖಾನೆಯ ಗೇಟಿಗೆ ಬಿತ್ತು. ಹೆಂಡತಿ ಒಂದು. ಮನೆಯ ಹಿರಿಯರು ಮುಕ್ಕಾಲು. ಕೂಲಿ ಕೇಳಿದಷ್ಟು ಏರಲಿಲ್ಲ, ಎಲ್ಲಿ ಏರುತ್ತದೆ ಹೇಳಿ! ಆದರೂ ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತುವಷ್ಟು ಏರಿತು. ಗುಂಡಿಯಕ್ಕ ಮನೆಗೆ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು, ಖುಷಿಗೆ.

ಹೊಸ ಹಲ್ಲು ಹಾಕಿಸಿಕೊಂಡು ಬಂದ ಮಧ್ಯಾಹ್ನ ಅತ್ತೆ ಒಂದು ಸೇಬು ಎತ್ತಿಕೊಂಡಳು. ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕರಕ್ ಎಂದಿತು. ನಿಧಾನವಾಗಿ ಅಗಿದು, ನುಂಗಿ, ಸೊಸೆಯತ್ತ ತಿರುಗಿದಳು.

"ಹೋಗಿ ಹೇಳೇ ನಿಮ್ಮ ಸಾರ್‌ಗೆ, ಉಳಿದಿದ್ದ ಕಾಲೂ ಬಂತು ಅಂತ."