ಕುದುರೆ ಹುಡುಗಿಯ ಕಲ್ಲು

ಏಳನೆಯ ಪುಸ್ತಕದಲ್ಲಿ ಆ ಹುಡುಗಿಯನ್ನು ಸಾಯಿಸಿಬಿಡಬೇಕು ಎಂದು ನಾನು ನಿರ್ಧರಿಸಿದ್ದೆ. ಹದಿನಾಲ್ಕು ವರ್ಷ ಆಕೆಯೊಂದಿಗೆ ಬದುಕಿದ್ದೆ. ಸಾಕಾಗಿತ್ತು.

ಆಕೆ ಹುಟ್ಟಿದ್ದು ನಮ್ಮೂರಿನ ಕೆರೆಯ ದಂಡೆಯ ಮೇಲೆ. ಯರಗುಪ್ಪಿಯ ಹತ್ತಿರದ ಎರೆಭೂಮಿಯ ಊರು ನಮ್ಮದು. ಮದುವೆಯಾಗಿ ಬಂದವಳು ಅಲ್ಲಿನ ಹೈಸ್ಕೂಲಿನಲ್ಲೇ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಕೆರೆಯ ದಂಡೆಯಲ್ಲಿ, ಜಾಲಿಗಿಡಕ್ಕೆ ವಾಲಿಕೊಂಡು, ಒಂದು ವೀರಗಲ್ಲು ನಿಂತಿತ್ತು. ಕೆಳಗೆ ದನಗಳ ಸಾಲು, ನಡುವೆ ಕುದುರೆಯೇರಿದ ಒಂದು ಆಕೃತಿ, ಮೇಲೆ ಲಿಂಗಪೂಜೆ. ಎಮ್ಮೆಗಳು ಮೈ ತಿಕ್ಕಿ ತಿಕ್ಕಿ ಸವಾರನ ಮುಖ ಸವೆದುಹೋಗಿತ್ತು. ಒಂದು ದಿನ ಎಂಟನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ವೀರಗಲ್ಲು ಎಂದರೇನೆಂದು ವಿವರಿಸುತ್ತಿದ್ದಾಗ ಒಬ್ಬಳು ಕೇಳಿದಳು:

"ಅಕ್ಕಾರ, ಮಾರಿ ಕಾಣವಲ್ದು. ಇದು ಹುಡಿಗಿ ಯಾಕ ಇರಬಾರದ್ರಿ?"

ಆಗಲೇ ಉತ್ತರ ಕೊಡಬಹುದಿತ್ತು. ಕಲ್ಲಿನ ಬುಡದಲ್ಲಿ ನಾಲ್ಕು ಸಾಲು ಹಳಗನ್ನಡ ಇತ್ತು. ಎಂ.ಎ. ಓದುವಾಗ ಶಾಸನ ಓದುವುದನ್ನು ಕಲಿತಿದ್ದ ನಾನು ಅದನ್ನು ಊರಿಗೆ ಬಂದ ಹೊಸದರಲ್ಲೇ ಓದಿಯಾಗಿತ್ತು. ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರೊಡನೆ ಕಾದಾಡಿ, ದನಗಳನ್ನು ಮರಳಿಸಿ ಸತ್ತ ಒಬ್ಬ ಗಂಡಸಿನ ಕಲ್ಲು ಅದು. ಹೆಸರಿದ್ದ ಕಡೆ ಕಲ್ಲು ಚಕ್ಕೆ ಎದ್ದಿತ್ತು. ಆದರೆ ಹುಡುಗಿಯ ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ ನಾನು ಸುಮ್ಮನಾದೆ. ಅಂದು ಸಂಜೆ ಮನೆಗೆ ಬಂದು, ಕಡಲೆ ಚೀಲ ಇಡುವ ಕೋಣೆಯಲ್ಲಿ ಕುಳಿತು ಬರೆಯಲು ಶುರುಮಾಡಿದೆ. ನೇಕಾರನ ಮಗಳು, ಹನ್ನೆರಡು ವರ್ಷ. ಊರ ಗಂಡಸರೆಲ್ಲ ರಾಜನ ಯುದ್ಧಕ್ಕೆ ಹೋಗಿದ್ದಾರೆ. ದನಗಳ್ಳರು ಬರುತ್ತಾರೆ. ಹುಡುಗಿ ಕೆರೆಯ ನೀರನ್ನು ಬೊಗಸೆಯಲ್ಲಿ ತಂದು ಕಲ್ಲಿನ ಕುದುರೆಯ ಬಾಯಿಗೆ ಹಿಡಿಯುತ್ತಾಳೆ. ಕುದುರೆ ಕುಡಿಯುತ್ತದೆ.

ಪುಸ್ತಕ ಬಂದಿತು, ಮಕ್ಕಳು ಮುಗಿಬಿದ್ದು ಓದಿದರು. ಅಳ್ನಾವರದಿಂದ, ನವಲಗುಂದದಿಂದ, ನಾನು ನೋಡಿಯೇ ಇರದ ಊರುಗಳಿಂದ ಪತ್ರಗಳು ಬಂದವು. ಪ್ರಕಾಶಕರು ಇನ್ನೊಂದು ಬೇಕೆಂದರು. ಎರಡನೆಯದನ್ನೂ ಮೂರನೆಯದನ್ನೂ ನಾನು ಹಬ್ಬದಂತೆ ಬರೆದೆ. ನಾಲ್ಕನೆಯದರ ಹೊತ್ತಿಗೆ ಕುದುರೆ ಯಾವ ಪುಟದಲ್ಲಿ ಕೆನೆಯುತ್ತದೆ ಎಂಬುದು ಬರೆಯುವ ಮೊದಲೇ ಗೊತ್ತಿರುತ್ತಿತ್ತು. ನನ್ನ ಮೊಣಕಾಲುಗಳು ನೋಯತೊಡಗಿದವು, ಕನ್ನಡಕ ಎರಡು ಸಲ ಬದಲಾಯಿತು. ಆಕೆಗೆ ಮಾತ್ರ ಇನ್ನೂ ಹನ್ನೆರಡು.

ನಡುವೆ ಬೇರೆಯದೊಂದನ್ನು ಬರೆದು ಕಳಿಸಿದೆ. ರಾಜನ ಅಪ್ಪಣೆಯಂತೆ ಸುಳ್ಳು ಶಾಸನ ಕೆತ್ತಬೇಕಾಗಿ ಬಂದ ಒಬ್ಬ ಮುದಿ ಕಲ್ಲುಕುಟಿಗನ ಕತೆ. ನನ್ನ ಪ್ರಕಾರ ಅದುವರೆಗೆ ನಾನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯದು. ಸಂಪಾದಕರು ಫೋನ್ ಮಾಡಿದರು.

"ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಕುದುರೆ ಎಲ್ಲಿ?"

"ಇದರಲ್ಲಿ ಕುದುರೆ ಇಲ್ಲ."

"ಮಕ್ಕಳು ಕೇಳ್ತಾರೆ ಮೇಡಂ. ಇದು ಇರಲಿ, ಮೊದಲು ಆರನೇದು ಕೊಟ್ಬಿಡಿ."

ಕೊಟ್ಟೆ. ಕಲ್ಲುಕುಟಿಗ ಕಪಾಟು ಸೇರಿದ.

ಇಷ್ಟೇ ಆಗಿದ್ದರೆ ಬರೆಯುವುದನ್ನೇ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಊರಿನಲ್ಲಿ ಬೇರೆಯೇ ಒಂದು ಸಂಗತಿ ನಡೆದಿತ್ತು. ನಮ್ಮೂರಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸೊಬ್ಬಳಿದ್ದಾಳೆ. ಗಂಡ ತೀರಿದ ವರ್ಷ ಆಕೆಯ ಮಗಳು ಶಾಲೆ ಬಿಟ್ಟು ಗಿರಣಿಯಲ್ಲಿ ಕುಳಿತಳು. ನಾನು ಎರಡು ಸಲ ಮನೆಗೆ ಹೋಗಿ ಕರೆದರೂ ಬರಲಿಲ್ಲ. ಕರೆಂಟು ಹೋದಾಗ ಗಿರಣಿ ನಿಲ್ಲುತ್ತದಲ್ಲ, ಆಗ ಬೇಸರ ಕಳೆಯಲೆಂದು ಯಾರದೋ ಕೈಯಿಂದ ಪಡೆದ ನನ್ನ ಪುಸ್ತಕವನ್ನು ತಾಯಿಗೆ ಓದಿ ಹೇಳತೊಡಗಿದಳಂತೆ. ಮೂರನೆಯ ಪುಸ್ತಕ ಮುಗಿದ ಮರುದಿನ ಯಾರೂ ಹೇಳದೆ ಯೂನಿಫಾರ್ಮ್ ಹಾಕಿಕೊಂಡು ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ಈಗ ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದಾಳೆ.

ಮಗಳಿಗೆ ಕೆಲಸ ಸಿಕ್ಕ ದಿನ ತಾಯಿ ಕೆರೆಯ ದಂಡೆಗೆ ಹೋಗಿ ವೀರಗಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟು ಬಂದಳು. ಮೊದಲು ನನಗೆ ನಗು ಬಂತು. ವರ್ಷದೊಳಗೆ ಅಲ್ಲಿ ಬಳೆಗಳ ರಾಶಿ. ಶಾಲೆಗೆ ಹೋಗುವ ಹುಡುಗಿಯರ ತಾಯಂದಿರು ಪರೀಕ್ಷೆಯ ಕಾಲಕ್ಕೆ ಬಂದು ಕಾಯಿ ಒಡೆಯುತ್ತಿದ್ದರು. ತಗಡಿನ ಚಪ್ಪರ ಬಂತು, ಸಿಮೆಂಟಿನ ಕಟ್ಟೆ ಬಂತು. 'ಕುದುರಿ ಹುಡಿಗಿ ಕಲ್ಲು' ಎಂದು ಹೆಸರೂ ಆಯಿತು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ತಲೆ ಬಗ್ಗಿಸಿ ನಡೆಯುತ್ತಿದ್ದೆ. ಕಂಡವರು ನಾನು ಭಕ್ತಿಯಿಂದ ಬಗ್ಗಿದೆನೆಂದು ತಿಳಿಯುತ್ತಿದ್ದರು.

ಏಳನೆಯ ಪುಸ್ತಕ ಬರೆಯಬೇಕಿದ್ದ ವರ್ಷದ ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ದಾರಿ ಮುಚ್ಚಿತು. ಬಸ್ಸಿಲ್ಲ, ಶಾಲೆಯಿಲ್ಲ, ಅಂಗಳಕ್ಕೆ ಇಳಿದರೆ ಎರೆಮಣ್ಣು ಕಾಲು ಬಿಡುತ್ತಿರಲಿಲ್ಲ. ಮೂರು ದಿನ ಕಡಲೆ ಚೀಲಗಳ ನಡುವೆ ಕುಳಿತು ಅವಳ ಸಾವನ್ನು ಬರೆದೆ. ದನಗಳೆಲ್ಲ ಊರು ಸೇರಿದ ಮೇಲೆ, ಕುದುರೆಯ ಕುತ್ತಿಗೆಯನ್ನು ತಬ್ಬಿಕೊಂಡೇ ಸಾಯುತ್ತಾಳೆ. ಬರೆಯುವಾಗ ಅಳು ಬರಲಿಲ್ಲ. ಎದೆಯ ಮೇಲಿನಿಂದ ಯಾರೋ ಎದ್ದುಹೋದಂತಾಯಿತು.

ನೀರು ಇಳಿದ ಮರುದಿನ ಗಿರಣಿಯಾಕೆ ಮನೆಗೆ ಬಂದಳು.

"ಅಕ್ಕಾರ, ಸೋಮವಾರ ಕಲ್ಲಿಗೆ ಟೈಲ್ಸ್ ಹಚ್ಚಸ್ತೇವ್ರಿ. ನೀವ ಬಂದು ಮೊದಲ ಕಾಯಿ ಒಡೀಬೇಕು."

"ಎಲ್ಲಿ ಹಚ್ಚಸ್ತೀರಿ?"

"ಬುಡಕ್ಕರಿ. ಅಲ್ಲೇನೋ ಗೀಚಿದಂಗ ಐತಲ್ಲ, ಅದರ ಮ್ಯಾಲೆ ಹಚ್ಚಿದ್ರ ಅಗದಿ ಚಂದ ಕಾಣ್ತೈತಿ."

ಅವಳು ಹೋದಳು. ಸಾವಿರ ವರ್ಷ ಉಳಿದಿದ್ದ ನಾಲ್ಕು ಸಾಲು ನನ್ನ ಕತೆಯಿಂದಾಗಿ ಮುಚ್ಚಿಹೋಗುವುದಿತ್ತು. ಹೇಳಿದರೆ ಆ ತಾಯಿಯ ನಂಬಿಕೆ ಹೋಗುತ್ತದೆ, ಹೇಳದಿದ್ದರೆ ಅಕ್ಷರ ಹೋಗುತ್ತದೆ. ಗಂಡನ ಮುಂದೆ ತೋಡಿಕೊಂಡೆ. ಅವರು ಎತ್ತಿನ ಹಗ್ಗ ಹೊಸೆಯುತ್ತ ಕುಳಿತಿದ್ದರು.

"ಗುಡಿ ಕಟ್ಟಿದಾಕಿ ನೀನ. ಈಗ ಬಾಗಲಾ ಸಿಗವಲ್ದು ಅಂತ ನನ್ನ ಮುಂದ ಅತ್ತರ ಹೆಂಗ?" ಎಂದರು.

ಸೋಮವಾರ ಹೋದೆ. ಹದಿನೈದು ಇಪ್ಪತ್ತು ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಗೌಂಡಿ ಸಿಮೆಂಟು ಕಲಸುತ್ತಿದ್ದ. ನಾನು ಕಾಯಿ ತೆಗೆದುಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕುಳಿತು ಬುಡದ ಕುಂಕುಮವನ್ನು ನೀರಿನಿಂದ ತೊಳೆದೆ. ಒದ್ದೆಯಾದ ಕಲ್ಲಿನಲ್ಲಿ ಅಕ್ಷರಗಳು ಎದ್ದು ಕಂಡವು. ಬೆರಳಿಟ್ಟು ಒಂದೊಂದಾಗಿ ಓದಿ ಅರ್ಥ ಹೇಳಿದೆ. ಇದು ಗಂಡಸಿನ ಕಲ್ಲು, ದನ ಬಿಡಿಸಿ ಸತ್ತವನ ಕಲ್ಲು, ನನಗಿದು ಮೊದಲಿನಿಂದಲೂ ಗೊತ್ತಿತ್ತು ಎಂದೆ.

ಗೌಂಡಿ ಕೈ ನಿಲ್ಲಿಸಿದ. ಗಿರಣಿಯಾಕೆ ಕೇಳಿದಳು:

"ಹಂಗಾದ್ರ ಆಕಿ ಇಲ್ಲೇ ಇಲ್ಲನ್ರಿ?"

"ಇಲ್ಲವ್ವ. ಆಕಿ ನಾ ಹುಟ್ಟಿಸಿದಾಕಿ."

ಅವಳು ಆರತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ನೀವು ಹುಟ್ಟಿಸಿದ ಮ್ಯಾಲೆ ಇದ್ದಂಗನ ಆತಲ್ರಿ. ನಮ್ಮ ಹುಡಿಗೀನ ಸಾಲಿಗೆ ಕಳಿಸಿದಾಕಿ ಯಾರು ಮತ್ತ? ನೀವು ಎರಡ ಸಲ ಬಂದ ಕರದ್ರಿ, ಹ್ವಾದ್ಲೇನು?" ಎಂದವಳೇ ಗೌಂಡಿಯತ್ತ ತಿರುಗಿದಳು. "ಆ ಅಕ್ಷರ ಬಿಟ್ಟು ಬಾಜೂಕ ಹಚ್ಚಪಾ. ಪಾಪ, ಆತನೂ ಸತ್ತಾನ, ಆತಗೂ ಒಂದ ಕಾಯಿ ಒಡದ್ರಾತು."

ಅಷ್ಟೇ. ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಎರಡು ಕಾಯಿ ಒಡೆದರು. ಪ್ರಸಾದ ಕೊಡುತ್ತ ಒಬ್ಬ ಮುದುಕಿ ನನ್ನ ಕೈ ಹಿಡಿದುಕೊಂಡಳು.

"ಮುಂದಿನ ಬುಕ್ಕಿನ್ಯಾಗ ಆಕಿಗೆ ಏನೂ ಆಗಬಾರದು ನೋಡ್ರಿ ಅಕ್ಕಾರ. ಮೊಮ್ಮಗಳು ಹತ್ತನೇತ್ತಾ ಪರೀಕ್ಷಾಕ ಕುಂಡ್ರಾಕಿ ಅದಾಳ."

ನಾನು ಹೂಂ ಎಂದೆ. ಬೇರೆ ಏನೆನ್ನಲಿ? ಬಿಡುಗಡೆ ಸಿಕ್ಕೀತೆಂದು ಹೋದವಳು ಮಾತು ಕೊಟ್ಟು ಬಂದಿದ್ದೆ.

ಆ ಸಾವಿನ ಅಧ್ಯಾಯವನ್ನು ಹರಿಯಲಿಲ್ಲ, ಪ್ರಕಾಶಕರಿಗೂ ಕಳಿಸಲಿಲ್ಲ. ಏಳನೆಯ ಪುಸ್ತಕದಲ್ಲಿ ಹುಡುಗಿ ಬದುಕಿದಳು. ಒಂದೇ ಒಂದು ಹಟ ಮಾಡಿದೆ: ಆಕೆಗೆ ಹದಿಮೂರು ತುಂಬಿಸಿದೆ. ಸಂಪಾದಕರು ವಾರಗಟ್ಟಲೆ ವಾದಿಸಿದರು, ಮುಖಪುಟದ ಚಿತ್ರ ಬದಲಿಸಬೇಕಾಗುತ್ತದೆ ಎಂದರು. ನಾನು ಬಿಟ್ಟುಕೊಡಲಿಲ್ಲ. ಪುಸ್ತಕ ಹಳೆಯ ಚಿತ್ರದೊಂದಿಗೇ ಬಂತು. ಒಳಗೆ ಮಾತ್ರ ಹದಿಮೂರು.

ಹೋದ ವರ್ಷ ನಿವೃತ್ತಳಾದೆ. ಈಗ ಅಣ್ಣಿಗೇರಿ, ಕುಂದಗೋಳ ಕಡೆಯ ಶಾಲೆಗಳವರು ಶನಿವಾರ ಮಕ್ಕಳನ್ನು ಕರೆತರುತ್ತಾರೆ, ಕಲ್ಲಿನ ಹತ್ತಿರ ನಿಂತು ಮಾತಾಡಲು ನನ್ನನ್ನು ಕರೆಯುತ್ತಾರೆ. ನಾನು ಮೊದಲು ಆ ನಾಲ್ಕು ಸಾಲು ಓದುತ್ತೇನೆ. ಸತ್ತವನ ಬಗ್ಗೆ ಹೇಳುತ್ತೇನೆ. ಮಕ್ಕಳು ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಯಾರಾದರೊಬ್ಬರು ಕೈ ಎತ್ತುತ್ತಾರೆ.

"ಅಕ್ಕಾರ, ಕುದುರಿ ಈಗೂ ನೀರು ಕುಡಿತೈತೇನ್ರಿ?"

ಇಲ್ಲ ಎನ್ನಲು ನನಗೆ ಇದುವರೆಗೆ ಬಾಯಿ ಬಂದಿಲ್ಲ.